ಅಂತರ್ಜಾಲದ ದೇಣಿಗೆ ಸ್ಪರ್ಧೆಗಳು ಮತ್ತು ಸಣ್ಣ ಸೇವಾಸಂಸ್ಥೆಗಳು

ಅಂತರ್ಜಾಲದ ಮೂಲಕ ನಡೆಯುವ ದೇಣಿಗೆ ಸ್ಪರ್ಧೆಗಳಲ್ಲಿ ತಾವೂ ಭಾಗವಹಿಸಬಹುದೇ ಎಂದು ಸಣ್ಣ ಸೇವಾಸಂಸ್ಥೆಗಳನ್ನು ನಡೆಸುತ್ತಿರುವ ಬಂಧುಗಳು ಇತ್ತೀಚೆಗೆ ನಮ್ಮನ್ನು ಕೇಳುತ್ತಿದ್ದಾರೆ. ವಿಶೇಷಚೇತನ ಮಕ್ಕಳ ಶಾಲೆ, ವೃದ್ಧಾಶ್ರಮ, ಗ್ರಾಮೀಣ ವಾಚನಾಲಯ ಮೊದಲಾದ ಕಾರ್ಯಗಳನ್ನು ಎರಡು ಮೂರು ಜನ ಸಂಬಳದವರನ್ನು ಇಟ್ಟುಕೊಂಡು, ಉಳಿದುದನ್ನು ಸ್ವಯಂಸೇವಕರ ಹೆಗಲಿಗೆ ಹೊರಿಸಿ ನಡೆಸುವವರು ಇವರು. ಒಂದು ತಿಂಗಳ ಸ್ಪರ್ಧೆಗೆ ಇಳಿದರೆ ಅಷ್ಟೂ ಜನರ ಒಂದು ತಿಂಗಳು ಅದಕ್ಕೇ ಸಲ್ಲುತ್ತದೆ. ಆದುದರಿಂದ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸರಿಯಾಗಲಾರದು. ಆಯಾ ಸ್ಪರ್ಧೆ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕೆಲವು ಸ್ಪರ್ಧೆಗಳು ಮತಗಳನ್ನು ಎಣಿಸುತ್ತವೆ. ಅಮೆರಿಕದ ಚೇಸ್ ಬ್ಯಾಂಕು 2009ರ ಕೊನೆಯಲ್ಲಿ ಫೇಸ್‌ಬುಕ್‌ನಲ್ಲಿ ಏರ್ಪಡಿಸಿದ ‘ಚೇಸ್ ಕಮ್ಯುನಿಟಿ ಗಿವಿಂಗ್’ ಈ ಬಗೆಯದು. ಒಟ್ಟು 50 ಲಕ್ಷ ಡಾಲರ್ ಹಂಚುವುದಾಗಿ ಬ್ಯಾಂಕು ಘೋಷಿಸಿತ್ತು. ಮೊದಲ ಸುತ್ತಿನಲ್ಲಿ ಹೆಚ್ಚು ಮತ ಪಡೆದ 100 ಸಂಸ್ಥೆಗಳಿಗೆ ತಲಾ 25,000 ಡಾಲರ್ ದೊರೆಯಿತು. ಎರಡನೆಯ ಸುತ್ತಿನಲ್ಲಿ ‘ಇನ್‌ವಿಸಿಬಲ್ ಚಿಲ್ಡ್ರನ್’ ಸಂಸ್ಥೆ ಮೊದಲ ಸ್ಥಾನಕ್ಕೆ ಬಂದು 10 ಲಕ್ಷ ಡಾಲರ್ ಪಡೆಯಿತು. ಮೊದಲ ಸುತ್ತಿನ ಕೊನೆಯ ದಿನಗಳಲ್ಲಿ ಬ್ಯಾಂಕು ಮತಗಳ ಎಣಿಕೆಯನ್ನು ಮರೆಮಾಡಿತು. ತಮ್ಮನ್ನು ಅನ್ಯಾಯವಾಗಿ ಕೈಬಿಡಲಾಯಿತೆಂದು ಕೆಲವು ಸಂಸ್ಥೆಗಳು ದೂರಿದುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಈ ಬಗೆಯ ಸ್ಪರ್ಧೆಯಲ್ಲಿ ಮತ ಹಾಕುವವರು ತಮ್ಮ ಕೈಯಿಂದ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಸೋತ ಸಂಸ್ಥೆಯ ದಫ್ತರದಲ್ಲಿ ಅವರೊಬ್ಬರ ಹೆಸರೂ ವಿಳಾಸವೂ ಉಳಿಯುವುದಿಲ್ಲ. ಸಣ್ಣ ಸಂಸ್ಥೆಗಳು ಇದರಿಂದ ದೂರವಿರುವುದೇ ಲೇಸೆಂದು ನಾವು ಭಾವಿಸುತ್ತೇವೆ.

ಇನ್ನು ಕೆಲವು ಒಟ್ಟು ಮೊತ್ತವನ್ನು ಎಣಿಸುತ್ತವೆ. ದೊಡ್ಡ ಉದ್ಯಮಿಯೊಬ್ಬರ ಪರಿಚಯವಿರುವ ಸಂಸ್ಥೆ ಅಲ್ಲಿ ಮುಂದಿರುವುದು ಸಹಜ.

ಮೂರನೆಯ ಬಗೆಯೇ ವಿಚಾರಕ್ಕೆ ಯೋಗ್ಯವಾದುದು. ಅದು ದಾನಿಗಳ ತಲೆ ಎಣಿಸುತ್ತದೆ. ಅಮೆರಿಕದ ಕೇಸ್ ಫೌಂಡೇಶನ್ 2007ರ ಡಿಸೆಂಬರ್‌ನಿಂದ 2008ರ ಜನವರಿ ಕೊನೆಯವರೆಗೆ ನಡೆಸಿದ ‘ಅಮೆರಿಕಾಸ್ ಗಿವಿಂಗ್ ಚಾಲೆಂಜ್’ನಲ್ಲಿ ಹತ್ತು ಡಾಲರ್ ಕೊಟ್ಟವರೂ ಸಾವಿರ ಡಾಲರ್ ಕೊಟ್ಟವರೂ ಒಂದೊಂದು ಎಣಿಕೆಯೇ. ಕಾಂಬೋಡಿಯದ ಮಕ್ಕಳಿಗಾಗಿ ದುಡಿಯುತ್ತಿದ್ದ ‘ಶೇರಿಂಗ್ ಫೌಂಡೇಶನ್’ ಎಂಬ ಪುಟ್ಟ ಸಂಸ್ಥೆಯ ಪರವಾಗಿ ಬೆತ್ ಕ್ಯಾಂಟರ್ ಎಂಬ ಲೇಖಕಿ ಅದರಲ್ಲಿ ಪಾಲ್ಗೊಂಡರು. ತಮ್ಮ ಓದುಗರನ್ನೂ ಗೆಳೆಯರನ್ನೂ ಕೇಳಿ, ಅವರಿಂದ ಅವರ ಗೆಳೆಯರನ್ನೂ ಕೇಳಿಸಿದರು. ಆ ಸಂಸ್ಥೆಗೆ 50,000 ಡಾಲರ್‌ಗಳ ಬಹುಮಾನ ಬಂದಿತು.

ವಿಶ್ವಬ್ಯಾಂಕಿನಲ್ಲಿದ್ದ ಮಾರಿ ಕುರೈಶಿ ಮತ್ತು ಡೆನಿಸ್ ವಿಟ್ಲ್ ಅವರು ಸ್ಥಾಪಿಸಿದ ‘ಗ್ಲೋಬಲ್‌ಗಿವಿಂಗ್’ ವೇದಿಕೆಯ ಪ್ರವೇಶ ಸ್ಪರ್ಧೆ ಇದಕ್ಕಿಂತ ಸೌಮ್ಯವಾದುದು. ಇಲ್ಲಿ ಮತ್ತೊಬ್ಬರನ್ನು ಸೋಲಿಸಬೇಕಾಗಿಲ್ಲ. ನಿಗದಿಯಾದ ಅವಧಿಯೊಳಗೆ 40 ಪ್ರತ್ಯೇಕ ದಾನಿಗಳಿಂದ 5,000 ಡಾಲರ್ ಸಂಗ್ರಹಿಸಿದ ಸಂಸ್ಥೆಗೆ ವೇದಿಕೆಯಲ್ಲಿ ಕಾಯಂ ಸ್ಥಾನ ಕೊಡುವುದು ಇದರಲ್ಲಿ ಬಹುಕಾಲ ನಡೆದುಬಂದ ನಿಯಮ. ಹೆಚ್ಚು ಸಂಗ್ರಹಿಸಿದವರಿಗೆ ಬಹುಮಾನಗಳು ಬೇರೆ. ಒಬ್ಬರೇ ಐದು ಸಾವಿರ ಕೊಟ್ಟರೆ ಸಾಲದು. ಒಬ್ಬರು ನಾಲ್ಕು ಸಾವಿರ ಕೊಟ್ಟರೆಂದು ಇಟ್ಟುಕೊಳ್ಳೋಣ. ಉಳಿದ 39 ಜನ ತಲಾ ಸುಮಾರು 26 ಡಾಲರ್ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಆದರೆ ಆ 39 ಜನ ಬೇಕೇ ಬೇಕು. ಒಬ್ಬನೇ ದಾನಿಯನ್ನು ನಂಬಿದ ಸಂಸ್ಥೆ ಆತ ಕೈಬಿಟ್ಟ ದಿನ ಬಾಗಿಲು ಮುಚ್ಚುತ್ತದೆ. ಉಚಿತ ಪ್ರಸಾದ ನಿಲಯಗಳಿಗಾಗಿ ಜೋಳಿಗೆ ಹಿಡಿದು ಮನೆಮನೆಗೆ ಹೋದ ಹಿಂದಿನ ಸ್ವಾಮಿಗಳಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಡಿ ಜೋಳ ಹಾಕಿದ ಮನೆಯವರು ಮುಂದೆ ಆ ನಿಲಯದ ಹುಡುಗರ ಓದಿನ ಸುದ್ದಿಯನ್ನೂ ಕೇಳುತ್ತಿದ್ದರು.

ನಲವತ್ತು ಜನರನ್ನು ಕೂಡಿಸುವುದು ಕಾರ್ಯದರ್ಶಿ ಒಬ್ಬರಿಂದ ಆಗುವ ಕೆಲಸವಲ್ಲ. ಹತ್ತು ಸ್ವಯಂಸೇವಕರು ತಲಾ ನಾಲ್ವರ ಹೊಣೆ ಹೊರಬೇಕು. ನಾಲ್ವರು ಕೊಡಬೇಕಾದರೆ ಹತ್ತು ಹನ್ನೆರಡು ಜನರನ್ನಾದರೂ ಕೇಳಬೇಕಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಹಾಕಿ ಕುಳಿತರೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬರುತ್ತವೆ, ಹಣ ಬರುವುದಿಲ್ಲ. ಹೆಸರು ಹಿಡಿದು, ದೂರವಾಣಿಯಲ್ಲಿ ಮಾತನಾಡಿ ಕೇಳಬೇಕು. ಹತ್ತು ಜನರಿಂದಾದರೂ ಮುಂಚಿತವಾಗಿ ಮಾತು ಪಡೆದು, ಮೊದಲ ದಿನವೇ ಅವರು ಕೊಡುವಂತೆ ನೋಡಿಕೊಳ್ಳಬೇಕು. ಶೂನ್ಯ ತೋರಿಸುವ ಪುಟಕ್ಕೆ ಹಣ ಹಾಕಲು ಅಪರಿಚಿತರು ಹಿಂಜರಿಯುತ್ತಾರೆ. ‘ನಮ್ಮನ್ನು ಗೆಲ್ಲಿಸಿರಿ’ ಎಂಬ ಬೇಡಿಕೆ ಸ್ಪರ್ಧೆಯೊಂದಿಗೇ ಮುಗಿಯುವಂಥದು. ಒಂದು ಮಗುವಿನ ಶಾಲಾ ವಾಹನಕ್ಕೆ ತಿಂಗಳಿಗೆ ಎಷ್ಟು ತಗಲುತ್ತದೆ ಎಂದು ಹೇಳಿದರೆ ದಾನಿಗೆ ಕೆಲಸವೇ ನೆನಪಿನಲ್ಲಿ ಉಳಿಯುತ್ತದೆ.

ಇಲ್ಲೊಂದು ಪ್ರಲೋಭನೆಯೂ ಉಂಟು. ಅವಧಿ ಮುಗಿಯುತ್ತಾ ಬಂದಿದೆ, ಇಪ್ಪತ್ತೇ ದಾನಿಗಳಾಗಿದ್ದಾರೆ. ಆಗ ಪದಾಧಿಕಾರಿಯೊಬ್ಬರು ತಮ್ಮದೇ ಹಣವನ್ನು ಅಣ್ಣ, ಅತ್ತಿಗೆ, ಅಳಿಯ ಎಂದು ಇಪ್ಪತ್ತು ಹೆಸರುಗಳಲ್ಲಿ ಹಾಕಲು ಮುಂದಾಗುತ್ತಾರೆ. ಇದನ್ನು ಜಾಣತನವೆಂದು ತಿಳಿಯುವವರಿದ್ದಾರೆ. ನಾವಂತೂ ಇದನ್ನು ಸುಳ್ಳು ಲೆಕ್ಕವೆಂದೇ ಕರೆಯುತ್ತೇವೆ. ಸಿಕ್ಕಿಬಿದ್ದರೆ ಸಂಸ್ಥೆಯ ಹೆಸರು ಹೋಗುತ್ತದೆ. ಸಿಕ್ಕಿಬೀಳದಿದ್ದರೂ, ಮುಂದಿನ ವರ್ಷ ಕೈಹಿಡಿಯಬೇಕಾದ ಇಪ್ಪತ್ತು ದಾನಿಗಳ ಸ್ಥಾನದಲ್ಲಿ ಸಾಲ ಮಾಡಿಕೊಂಡ ಒಬ್ಬ ಪದಾಧಿಕಾರಿ ಮಾತ್ರ ಉಳಿದಿರುತ್ತಾರೆ.

ವಿದೇಶದ ವೇದಿಕೆಗಳ ವಿಚಾರದಲ್ಲಿ ನಮ್ಮ ದೇಶದ ಕಾನೂನನ್ನು ಅರಿತಿರಬೇಕಾದುದು ಅತ್ಯವಶ್ಯಕ. ಅಂತಹ ವೇದಿಕೆಯಿಂದ ಬರುವ ಹಣ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಸೇರುತ್ತದೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ಪ್ರಕಾರ ಇಂತಹ ಹಣ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇರುವ ಬೇರೊಂದು ಸಂಸ್ಥೆಯ ಮೂಲಕ ತರಿಸಿಕೊಳ್ಳೋಣವೆಂದರೆ ಆ ದಾರಿಯೂ ಇಲ್ಲ. ಒಂದು ಸಂಸ್ಥೆ ಪಡೆದ ವಿದೇಶಿ ವಂತಿಗೆಯನ್ನು ಮತ್ತೊಂದಕ್ಕೆ ವರ್ಗಾಯಿಸುವುದನ್ನು ಅದೇ ತಿದ್ದುಪಡಿ ನಿಷೇಧಿಸಿದೆ. ನೋಂದಣಿ ಪಡೆಯಲು ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು ಮತ್ತು ಹಿಂದಿನ ಮೂರು ವರ್ಷಗಳಲ್ಲಿ ಸೇವಾಕಾರ್ಯಕ್ಕೆ 15 ಲಕ್ಷ ರೂಪಾಯಿ ವ್ಯಯವಾಗಿರಬೇಕು. ವಾಚನಾಲಯ ನಡೆಸುವವರಿಗೆ ಇದು ಎಟುಕುವುದು ಕಷ್ಟ.

ಅಮೆರಿಕದಲ್ಲಿರುವ ನಮ್ಮ ಮಕ್ಕಳೇ ಕೊಡುತ್ತಾರಲ್ಲ ಎಂಬ ಮಾತನ್ನು ಪದೇಪದೇ ಕೇಳುತ್ತೇವೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ನೇರವಾಗಿ ಕಳುಹಿಸಿದ ಹಣ ವಿದೇಶಿ ವಂತಿಗೆಯಲ್ಲ. ಆದರೆ ಅಲ್ಲಿನ ಪೌರತ್ವ ಪಡೆದವರು, ಓಸಿಐ ಕಾರ್ಡ್ ಹೊಂದಿರುವವರೂ ಸೇರಿದಂತೆ, ಕೊಟ್ಟದ್ದು ವಿದೇಶಿ ವಂತಿಗೆಯೇ. ಹುಟ್ಟಿದ ಊರು ಯಾವುದೆಂಬುದನ್ನು ಕಾಯ್ದೆ ಕೇಳುವುದಿಲ್ಲ.

ನೋಂದಣಿ ಇಲ್ಲದವರು ದೇಶದೊಳಗಿನ ಅವಕಾಶಗಳನ್ನು ನೋಡಬಹುದು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿ.ಮೀ. ಓಟದೊಂದಿಗೆ ಸೇವಾಸಂಸ್ಥೆಗಳ ದೇಣಿಗೆ ಸಂಗ್ರಹವೂ ನಡೆಯುತ್ತದೆ. ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದಾದ್ಯಂತ ‘ದಾನ ಉತ್ಸವ’ವಿರುತ್ತದೆ. ಇವುಗಳಲ್ಲಿ ಹಣ ಕೊಟ್ಟವರಿಗೆ ತೆರಿಗೆ ವಿನಾಯಿತಿಯ ಪ್ರಮಾಣಪತ್ರ ನೀಡಬೇಕಾದರೆ ಪ್ಯಾನ್‌ನಂತಹ ಗುರುತಿನ ಸಂಖ್ಯೆ ಬೇಕು. ಅದನ್ನು ಹಣ ಪಡೆಯುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮಾರ್ಚ್ ಮುಗಿದ ಮೇಲೆ ನಲವತ್ತು ಜನರ ಬೆನ್ನು ಹತ್ತುವುದು ಎಷ್ಟು ತ್ರಾಸದ ಕೆಲಸವೆಂಬುದು ಲೆಕ್ಕ ಬರೆಯುವವರಿಗೆ ಗೊತ್ತು.

ಗ್ಲೋಬಲ್‌ಗಿವಿಂಗ್‌ನಲ್ಲಿ ಸ್ಥಾನ ಪಡೆದ ಸಂಸ್ಥೆ ಕಾಲಕಾಲಕ್ಕೆ ದಾನಿಗಳಿಗೆ ಕೆಲಸದ ವರದಿ ಕಳುಹಿಸಬೇಕು. ಆ ಬರವಣಿಗೆಯ ಹೊಣೆ ಯಾರದು ಎಂಬುದನ್ನು ಹೆಸರು ನೋಂದಾಯಿಸುವ ಮೊದಲೇ ಕಾರ್ಯಕಾರಿ ಸಮಿತಿಯಲ್ಲಿ ಗೊತ್ತುಪಡಿಸಿಕೊಳ್ಳಬೇಕು. ನೋಂದಣಿ, ರಸೀದಿ, ಲೆಕ್ಕಪತ್ರಗಳ ಬಗೆಗೆ ಸಂದೇಹವಿರುವವರು ತಮ್ಮ ಸಂಸ್ಥೆಯ ನಿಯಮಾವಳಿಯ ಪ್ರತಿ ಹಾಗೂ ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಗಳೊಂದಿಗೆ ಶ್ರೀಮಠದ ಕಾರ್ಯಾಲಯಕ್ಕೆ ಬಂದರೆ ಕುಳಿತು ನೋಡಬಹುದು.