ಸಾಂಬಾರಿಗೆ 30 ಕ್ರೆಡಿಟ್

ಸಂಜೆ ಆರೂವರೆ. ಡೆನ್ವರ್ ಪಕ್ಕದ ಬಡಾವಣೆಯ ಆ ಅಡುಗೆಮನೆಯಲ್ಲಿ ಹದಿನೈದು ಲೀಟರು ಸಾಂಬಾರು ಕೊತಕೊತ ಕುದಿಯುತ್ತಿದೆ. ನಾಳೆ ಯುಗಾದಿ, ಊಟಕ್ಕೆ ಮೂವತ್ತು ಜನ. ಕಿಟಕಿಯ ಹೊರಗೆ ಹಿಮ ಬಿದ್ದು ಬೇವೂ ಇಲ್ಲ, ಮಾವೂ ಇಲ್ಲ. ಊಟದ ಮೇಜಿನ ತುಂಬ ತಂಗಿಯ ಸೊಸೆಯ ಅಂಕಪಟ್ಟಿಗಳು: ಹಾಸನದಲ್ಲಿ ಓದಿದ ಬಿ.ಎಸ್ಸಿ.ಯವು, ಆಮೇಲೆ ಮಾಡಿದ ಎಂ.ಎಸ್ಸಿ.ಯವು. ಒಂದರ ಮೂಲೆಯಲ್ಲಿ ಕಾಫಿ ಲೋಟ ಊರಿದ ದುಂಡನೆಯ ಕಲೆ.

"ಇದರಲ್ಲಿ ಕ್ರೆಡಿಟ್ ಎಲ್ಲಿದೆ ಅಂತ ಹುಡುಕಿ ಕೊಡಿ ಮಾವ" ಎಂದು ನಕ್ಕಳು.

ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಥಿಯರಿ, ಪ್ರ್ಯಾಕ್ಟಿಕಲ್, ಗರಿಷ್ಠ ಅಂಕ, ಕನಿಷ್ಠ ಅಂಕ ಎಲ್ಲ ಇವೆ, ಕ್ರೆಡಿಟ್ ಇಲ್ಲ. ನಮ್ಮ ಹಳೆಯ ಪದ್ಧತಿಯಲ್ಲಿ ಅದಿರಲೇ ಇಲ್ಲ. ಅವಳಿಗೆ ಬೇಕಾಗಿರುವುದು ಅದೇ. ಅಮೆರಿಕದಲ್ಲಿ ಹೋಟೆಲು, ಕುಡಿಯುವ ನೀರು, ಈಜುಕೊಳ, ಕಕ್ಕಸು ಗುಂಡಿ ಇವನ್ನೆಲ್ಲ ತಪಾಸಣೆ ಮಾಡುವವರಿಗೆ ರಾಷ್ಟ್ರೀಯ ಪರಿಸರ ಆರೋಗ್ಯ ಸಂಘ ಎಂಬ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ. 1937ರಲ್ಲಿ ಹುಟ್ಟಿದ ಸಂಘ, ಮುಖ್ಯ ಕಚೇರಿ ಇದೇ ಡೆನ್ವರಿನಲ್ಲಿ. ಪರಿಸರ ಆರೋಗ್ಯವನ್ನೇ ಮಾನ್ಯತೆ ಪಡೆದ ಕೋರ್ಸಿನಲ್ಲಿ ಓದಿದವರಿಗೆ ದಾರಿ ಸಲೀಸು. ಬೇರೆ ಪದವಿಯವರಾದರೆ ಕಾಲೇಜು ಮಟ್ಟದ ಮೂಲ ವಿಜ್ಞಾನದಲ್ಲಿ 30 ಸೆಮಿಸ್ಟರ್ ಕ್ರೆಡಿಟ್, ಬೀಜಗಣಿತ ಅಥವಾ ಅದಕ್ಕೂ ಮೇಲಿನ ಒಂದು ಗಣಿತ, ಎರಡು ವರ್ಷದ ಕೆಲಸದ ಅನುಭವ, ಜೊತೆಗೆ ಪರೀಕ್ಷೆ. ಸಮಾಜಶಾಸ್ತ್ರ, ಮನಶ್ಶಾಸ್ತ್ರ ಲೆಕ್ಕಕ್ಕಿಲ್ಲ. ಹೊರದೇಶದ ಪದವಿಯಾದರೆ ಮೌಲ್ಯಮಾಪನದ ಏಜೆನ್ಸಿಗೆ ಕಳಿಸಿ, ನಮ್ಮ ಅಂಕವನ್ನು ಅವರ ಕ್ರೆಡಿಟ್ಟಿಗೆ ತಿರುಗಿಸಿ ತರಿಸಬೇಕು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವಳಿಗೆ 30 ದಾಟುವುದು ಕಷ್ಟವಲ್ಲ. ಸಿಕ್ಕಿಹಾಕಿಕೊಂಡಿರುವುದು ಗಣಿತದಲ್ಲಿ. ಪಿಯುಸಿ ಮುಗಿದ ದಿನ ಕೈಮುಗಿದು ಬಿಟ್ಟುಬಂದಿದ್ದ ಬೀಜಗಣಿತವನ್ನು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಹದಿನೆಂಟರ ಹುಡುಗರ ಜೊತೆ ಸಂಜೆ ಕಾಲೇಜಿನಲ್ಲಿ ಕಲಿಯುತ್ತಿದ್ದಾಳೆ.

ಒಲೆ ಆರಿಸಿದಳು. ಲೋಟದ ತುಂಬ ಐಸಿನ ಪುಡಿ ಹಾಕಿ, ನೀರು ಸುರಿದು, ಕಡ್ಡಿಯಂಥ ಥರ್ಮಾಮೀಟರನ್ನು ಅದರಲ್ಲಿ ಅದ್ದಿದಳು. ಮುಳ್ಳು ನಿಧಾನವಾಗಿ ಇಳಿದು ಸೊನ್ನೆಗೆ ಬಂದು ನಿಂತಿತು. ಕುದಿಯುವ ನೀರಿನಲ್ಲೇ ಪರೀಕ್ಷಿಸಬಹುದಿತ್ತಲ್ಲ ಎಂದೆ. "ಇಲ್ಲಿ ನೀರು ನೂರಕ್ಕೆ ಕುದಿಯಲ್ಲ ಮಾವ, ತೊಂಬತ್ತೈದಕ್ಕೇ ಕುದಿಯುತ್ತೆ." ಡೆನ್ವರ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆ. ಕುಕ್ಕರಿಲ್ಲದೆ ಇಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂದು ತಂಗಿ ಮೊದಲ ಸಲ ಬಂದಾಗ ಗೊಣಗಿದ್ದು ನೆನಪಾಯಿತು. ಅವಳು ದೂರಿದ್ದು ಬೇಳೆಯನ್ನು.

ಥರ್ಮಾಮೀಟರು ಈಗ ಸಾಂಬಾರಿಗೆ ಇಳಿಯಿತು. ಒಂಬತ್ತು ಗಂಟೆಗೆ 57 ಡಿಗ್ರಿ. ಗೋಡೆಯ ಚೀಟಿಯ ಮೇಲೆ ಬರೆದುಕೊಂಡಳು. ಇಲ್ಲಿಂದ ಎರಡು ಗಂಟೆಯೊಳಗೆ 21ಕ್ಕೆ ಇಳಿಯಬೇಕು, ಮುಂದಿನ ನಾಲ್ಕು ಗಂಟೆಯಲ್ಲಿ 5ಕ್ಕೆ. ಇದು ಅಮೆರಿಕದ ಆಹಾರ ಸಂಹಿತೆ ಹೋಟೆಲುಗಳಿಗೆ ಹಾಕಿಕೊಟ್ಟ ಗೆರೆ. ಮನೆಯಲ್ಲಿ ಯಾರೂ ಕೇಳುವುದಿಲ್ಲ. ಆದರೂ ಅವಳು ಬಿಡುವವಳಲ್ಲ.

"ಹೊರಗಡೆ ಹಿಮ ಬಿದ್ದಿದೆಯಲ್ಲಮ್ಮ, ಪಾತ್ರೆ ಎತ್ತಿ ಅಲ್ಲೇ ಇಡೋಣ" ಎಂದು ನನ್ನ ಬುದ್ಧಿವಂತಿಕೆ ತೋರಿಸಿದೆ.

"ಹಿಮದ ತುಂಬ ಗಾಳಿ ಮಾವ, ಅದು ಕಂಬಳಿ ಇದ್ದ ಹಾಗೆ. ಸುತ್ತ ಕರಗಿ ಸಂದಿ ಬಿಡುತ್ತೆ. ನಡುವಿನ ಸಾಂಬಾರು ಎಷ್ಟೋ ಹೊತ್ತು ಬಿಸಿಯಾಗೇ ಇರುತ್ತೆ."

ನಾಲ್ಕು ಸಣ್ಣ ಪಾತ್ರೆಗಳಿಗೆ ಸುರಿದು, ಐಸು ನೀರು ತುಂಬಿದ ಸಿಂಕಿನಲ್ಲಿ ಕೂರಿಸಿ, ಸೌಟು ನನ್ನ ಕೈಗೆ ಕೊಟ್ಟಳು. ತಿರುವುತ್ತ ನಿಂತೆ. ಇಂಗು, ಕರಿಬೇವಿನ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಮೇಜಿನ ಬಳಿ ಕೂತು, ಬೀಜಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚತೊಡಗಿದಳು. ಸಾಂಬಾರಿನಂಥ ಗಟ್ಟಿ ಅಡುಗೆಯ ಶತ್ರುವಿನ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅದರ ಬೀಜಕಗಳು ಕುದಿತಕ್ಕೆ ಜಗ್ಗುವುದಿಲ್ಲ. ಕುದಿಸಿದಾಗ ಸಾರಿನೊಳಗಿನ ಆಮ್ಲಜನಕ ಹೊರಟುಹೋಗುತ್ತದೆ. ಆಮ್ಲಜನಕ ಬೇಡದ ಈ ಜೀವಿಗೆ ಪಾತ್ರೆಯ ಆಳ ತವರುಮನೆ. 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು, ಎರಡು, ನಾಲ್ಕು, ಎಂಟು ಎಂದು ಬರೆಯುತ್ತ ಹೋದಳು. ಒಂದು ಗಂಟೆಗೆ 64. ಎರಡು ಗಂಟೆಗೆ 4,096. ಅದರ ಕೆಳಗೆ ಎರಡರ ಘಾತ ಹನ್ನೆರಡು ಎಂದು ಬರೆದು ಗೆರೆ ಎಳೆದಳು. ನನ್ನ ಸೌಟು ತಾನಾಗಿಯೇ ಚುರುಕಾಯಿತು.

ಇಡ್ಲಿ ಹಿಟ್ಟಿನ ಸರದಿ ಆಮೇಲೆ. ಹುದುಗಿದ ಹಿಟ್ಟಿಗೆ ಬಣ್ಣದ ಕಾಗದದ ಪಟ್ಟಿ ತಾಗಿಸಿ ಪಿಎಚ್ ನೋಡಿದಳು. 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ತರುವ ಜೀವಿ ಬೆಳೆಯದು. ಐದರಿಂದ ನಾಲ್ಕಕ್ಕೆ ಇಳಿದರೆ ಹುಳಿ ಹತ್ತು ಪಟ್ಟು ಎಂಬುದನ್ನು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ್ದಳಂತೆ. ಯಾಕೆ ಹತ್ತು ಎಂಬುದು ಸಂಜೆ ಕಾಲೇಜಿನ ಲಾಗರಿದಂ ಪಾಠದಲ್ಲಿ ಹೊಳೆಯಿತಂತೆ.

ನೀರಿನ ಮಾತೂ ಬಂತು. ಇದೇ ಕೊಲರಾಡೊದ ಅಲಮೋಸಾ ಊರಿನಲ್ಲಿ 2008ರ ಮಾರ್ಚ್‌ನಲ್ಲಿ ನಲ್ಲಿ ನೀರಿನಿಂದ ಸಾಲ್ಮೊನೆಲ್ಲ ಹರಡಿತ್ತು. ಆಳದ ಬಾವಿಯ ನೀರು ಶುದ್ಧ ಎಂದು ಕ್ಲೋರಿನ್ ಹಾಕದೆಯೇ ಬಿಡುತ್ತಿದ್ದರು. ನೀರು ಶುದ್ಧವಾಗಿಯೇ ಇತ್ತು. ಬಿರುಕು ಬಿಟ್ಟ ಸಂಗ್ರಹ ತೊಟ್ಟಿಗೆ ಹಕ್ಕಿ, ಪ್ರಾಣಿಗಳ ಹೊಲಸು ಸೇರಿತೆಂಬುದು ತನಿಖೆಯ ಊಹೆ. ದಾಖಲಾದ ರೋಗಿಗಳೇ 442, ಸತ್ತವರು ಒಬ್ಬರು. ಕ್ಲೋರಿನ್ ಹಾಕಿದರೂ ಸಾಲದು, ನೀರಿನ ಪಿಎಚ್ ಏರಿದಷ್ಟೂ ಅದರ ಕೊಲ್ಲುವ ಕಸುವು ಕುಂದುತ್ತದೆ ಎಂದಳು. ಈ ರಸಾಯನಶಾಸ್ತ್ರ ಗೊತ್ತಿಲ್ಲದ ಇನ್‌ಸ್ಪೆಕ್ಟರು ಈಜುಕೊಳದ ಬಳಿ ನಿಂತು ನೀಲಿ ಬಣ್ಣ ನೋಡಿ ಸಹಿ ಹಾಕಿ ಹೋಗಬೇಕಷ್ಟೆ. 30 ಕ್ರೆಡಿಟ್ ಎಂದಾಗ ಕಚೇರಿಯವರ ಕಾಟ ಎಂದುಕೊಂಡಿದ್ದೆ. ಕಾಟ ಹೌದು. ಆದರೆ ಆ ಪಟ್ಟಿ ಬರೆದವರು ಎಂದೋ ಒಂದು ದೊಡ್ಡ ಅಡುಗೆಮನೆಯಲ್ಲಿ ನಿಂತವರೇ ಇರಬೇಕು.

ಹತ್ತೂ ಇಪ್ಪತ್ತಕ್ಕೆ 21 ಡಿಗ್ರಿ. ಅಗಲದ ಟ್ರೇಗಳಿಗೆ ಸುರಿದು ಗ್ಯಾರೇಜಿನ ಫ್ರಿಜ್ಜಿಗೆ ಇಟ್ಟಳು. ನಾನು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಗೋಡೆಯ ಚೀಟಿಯಲ್ಲಿ ಇನ್ನೊಂದು ಸಾಲಿತ್ತು: "1:15, 5 ಡಿಗ್ರಿ". ಮಧ್ಯಾಹ್ನ ಪ್ರತಿ ಪಾತ್ರೆಯನ್ನೂ 74ಕ್ಕೆ ಕಾಯಿಸಿಯೇ ಬಡಿಸಿದಳು. ಮೂವತ್ತು ಜನರಲ್ಲಿ ಒಬ್ಬರೂ ಇದನ್ನೆಲ್ಲ ಕೇಳಲಿಲ್ಲ. ಉಪ್ಪು ತುಸು ಮುಂದಾಗಿದೆ ಎಂದರು ಇಬ್ಬರು.

ಬೀಜಗಣಿತದ ಪರೀಕ್ಷೆ ಮೇ ತಿಂಗಳಲ್ಲಿ. ಆ ಕ್ರೆಡಿಟ್ ಇನ್ನೂ ಬಾಕಿ.