ಪಿನ್ನಿಗೂ ಒಂದು ಪಹಣಿ ಬೇಕು

ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಮುಗಿಸಿ ಕೆಲಸ ಹುಡುಕುತ್ತಿರುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಎಂಬೆಡೆಡ್ ಲಿನಕ್ಸ್’ ಹುದ್ದೆಯ ಜಾಹೀರಾತು ಆಗಾಗ ಕಾಣಿಸುತ್ತದೆ. ಅದರ ಕೆಳಗೆ ‘ಡಿವೈಸ್ ಟ್ರೀ ಗೊತ್ತಿರಬೇಕು’ ಎಂಬ ಸಾಲೂ ಇರುತ್ತದೆ. ನಮ್ಮಲ್ಲಿ ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಸಿಲಬಸ್‌ನಲ್ಲಿ ಅದರ ಹೆಸರನ್ನೇ ಕೇಳಿರುವುದಿಲ್ಲವಲ್ಲ! ನಾನು ಅದನ್ನು ಕಲಿತದ್ದು ಲ್ಯಾಬ್‌ನಲ್ಲಲ್ಲ, ನಮ್ಮ ರೇಷ್ಮೆ ಹುಳು ಮನೆಯಲ್ಲಿ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಅಪ್ಪ ರೇಷ್ಮೆ ಬೆಳೆಗಾರರು. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದು ಬಹಳ ಏರಿದರೆ ಹುಳು ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ, ರೋಗ ತಗಲುತ್ತದೆ, ಪೂರ್ತಿ ಬೆಳೆಯೇ ಕೈತಪ್ಪಬಹುದು. ಅದಕ್ಕೇ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಒಂದು ರಾಸ್ಪ್‌ಬೆರಿ ಪೈ ಬೋರ್ಡ್ ಮತ್ತು ಡಿಎಸ್18ಬಿ20 ಎಂಬ ಉಷ್ಣಾಂಶ ಸೆನ್ಸರ್ ಆರಿಸಿಕೊಂಡೆ. ಬಿಸಿ ಏರಿದರೆ ಫ್ಯಾನ್ ತಿರುಗಬೇಕು, ಅಪ್ಪನ ಮೊಬೈಲ್‌ಗೆ ಸಂದೇಶ ಹೋಗಬೇಕು.

ವೈರ್ ಜೋಡಿಸಿದರೆ ಸಾಲದು

ಪೆನ್‌ಡ್ರೈವ್ ಚುಚ್ಚಿದರೆ ಅದು ತಾನು ಯಾರೆಂದು ತಾನೇ ಕಂಪ್ಯೂಟರಿಗೆ ಹೇಳಿಕೊಳ್ಳುತ್ತದೆ. ಬೋರ್ಡಿನ ಪಿನ್ನಿಗೆ ಹಚ್ಚಿದ ಸೆನ್ಸರ್ ಹಾಗಲ್ಲ. ಆ ತುದಿಯಲ್ಲಿರುವುದು ಸೆನ್ಸರೋ, ಎಲ್‌ಇಡಿಯೋ ಎಂದು ಕರ್ನಲ್‌ಗೆ ತಾನಾಗಿ ತಿಳಿಯುವುದಿಲ್ಲ. ಸಾಲದ್ದಕ್ಕೆ ಒಂದೇ ಪಿನ್ನಿಗೆ ಹಲವು ಕೆಲಸ. ಪೈನ 40 ಪಿನ್‌ಗಳ ಸಾಲಿನಲ್ಲಿ ಜಿಪಿಐಒ 14 ಮತ್ತು 15 ಸಾಮಾನ್ಯ ಸ್ವಿಚ್‌ನಂತೆಯೂ ಇರಬಲ್ಲವು, ಸೀರಿಯಲ್ ಸಂವಹನಕ್ಕೂ ಬಳಕೆಯಾಗಬಲ್ಲವು. ಯಾವ ಕೆಲಸ ಎಂಬುದನ್ನು ಯಾರಾದರೂ ಹೇಳಲೇಬೇಕು.

ಹಿಂದೆ ಎಆರ್‌ಎಂ ಬೋರ್ಡ್‌ಗಳಲ್ಲಿ ಈ ವಿವರಗಳನ್ನೆಲ್ಲ ಕರ್ನಲ್‌ನ ಒಳಗೇ ಸಿ ಭಾಷೆಯಲ್ಲಿ ಬರೆಯುತ್ತಿದ್ದರು. ಬೋರ್ಡ್‌ಗಳು ಹೆಚ್ಚಿದಂತೆ ಕೋಡ್ ಕೂಡ ರಾಶಿ ಬಿತ್ತು. 2011ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಇದರ ಮೇಲೆ ಬಹಿರಂಗವಾಗಿಯೇ ರೇಗಿದರು. ಆಮೇಲೆ ಎಆರ್‌ಎಂ ಬೋರ್ಡ್‌ಗಳು ಡಿವೈಸ್ ಟ್ರೀ ಪದ್ಧತಿಗೆ ಹೊರಳಿದವು. ಅಂದರೆ ಹಾರ್ಡ್‌ವೇರ್‌ನ ವಿವರ ಕರ್ನಲ್‌ನಿಂದ ಹೊರಬಂದು ಪ್ರತ್ಯೇಕ ಕಡತವಾಯಿತು.

ಹಳ್ಳಿಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಡಿವೈಸ್ ಟ್ರೀ ಎಂದರೆ ಬೋರ್ಡಿನ ಪಹಣಿ. ಯಾವ ಸರ್ವೆ ನಂಬರು, ಯಾರ ಹೆಸರು, ಏನು ಬೆಳೆ ಎಂಬುದೆಲ್ಲ ಅಲ್ಲಿರುತ್ತದೆ. ಓವರ್‌ಲೇ ಎಂದರೆ ಮ್ಯುಟೇಷನ್. ಇಡೀ ಪಹಣಿಯನ್ನು ಹೊಸದಾಗಿ ಬರೆಯಬೇಕಿಲ್ಲ, ಬದಲಾದ ಕಲಂ ಮಾತ್ರ ತಿದ್ದಿದರಾಯಿತು.

ಒಂದೇ ಸಾಲಿನ ಕೆಲಸ

ಈ ಸೆನ್ಸರ್‌ಗೆ ಬೇಕಾದ ಓವರ್‌ಲೇ ಪೈ ಜೊತೆಗೇ ಬರುತ್ತದೆ. ಕಾನ್ಫಿಗ್.ಟಿಎಕ್ಸ್‌ಟಿ ಕಡತದಲ್ಲಿ ‘ಡಿಟಿಓವರ್‌ಲೇ=ಡಬ್ಲ್ಯು1-ಜಿಪಿಐಒ’ ಎಂದು ಒಂದು ಸಾಲು ಸೇರಿಸಿ ರೀಬೂಟ್ ಮಾಡಿದರೆ ಜಿಪಿಐಒ 4 ಸೆನ್ಸರ್‌ಗೆ ಮೀಸಲಾಗುತ್ತದೆ. ನಮ್ಮಲ್ಲಿ ಆ ಪಿನ್ನಿಗೆ ಫ್ಯಾನಿನ ರಿಲೇ ಇತ್ತು. ಅದೇ ಸಾಲಿನ ಕೊನೆಗೆ ಅಲ್ಪವಿರಾಮ ಹಾಕಿ ‘ಜಿಪಿಐಒಪಿನ್=17’ ಎಂದು ಬರೆದೆ. ಸೆನ್ಸರ್ 17ಕ್ಕೆ ಹೋಯಿತು. ಜಿಪಿಐಒ 17 ಎಂದರೆ ಸಾಲಿನ 17ನೇ ಪಿನ್ ಅಲ್ಲ, 11ನೆಯದು. ಜಿಪಿಐಒ 4 ಇರುವುದು 7ನೇ ಪಿನ್ನಿನಲ್ಲಿ. ಕೈಯಲ್ಲಿ ಪಿನ್ ನಕ್ಷೆ ಇಟ್ಟುಕೊಂಡೇ ವೈರ್ ಮುಟ್ಟಬೇಕು.

ರೀಬೂಟ್ ಆದ ಮೇಲೆ ಸಿಸ್ಟಂ ಕಡತಗಳ ನಡುವೆ ‘28-’ ಎಂದು ಶುರುವಾಗುವ ಹೊಸ ಫೋಲ್ಡರ್ ಕಾಣಿಸಿತು. ಅದರೊಳಗಿದ್ದ ಸಂಖ್ಯೆ 25687. ಸಾವಿರದಿಂದ ಭಾಗಿಸಿದರೆ 25.687 ಡಿಗ್ರಿ. ಅಪ್ಪ ಗೋಡೆಯ ಥರ್ಮಾಮೀಟರ್ ನೋಡಿ, ‘ಹೆಚ್ಚುಕಮ್ಮಿ ಅಷ್ಟೇ ಐತೆ ಕಣಪ್ಪಾ’ ಎಂದರು.

ಓವರ್‌ಲೇ ಎಲ್ಲವನ್ನೂ ಮಾಡುವುದಿಲ್ಲ ಎಂಬುದೂ ತಿಳಿದಿರಲಿ. ಪಹಣಿ ತಿದ್ದಿದರೆ ಹೊಲಕ್ಕೆ ನೀರು ಬರುತ್ತದೆಯೇ? ಸೆನ್ಸರ್‌ನ ಡೇಟಾ ವೈರ್ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಲೇಬೇಕು. ಪೈನ ಜಿಪಿಐಒ ಪಿನ್‌ಗಳು 5 ವೋಲ್ಟ್ ತಡೆಯುವುದಿಲ್ಲ, ಚಿಪ್ ಸುಟ್ಟುಹೋಗಬಹುದು.

ಸಂದರ್ಶನದಲ್ಲಿ ಕೇಳಿದ್ದು

ಪ್ರಾಜೆಕ್ಟ್ ಮುಗಿದ ಮೇಲೆ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಸಂದರ್ಶನಕ್ಕೆ ಹೋದೆ. ‘ಡ್ರೈವರ್ ಇದೆ, ವೈರಿಂಗ್ ಸರಿಯಿದೆ. ಆದರೂ ಸಾಧನ ಏಳುತ್ತಿಲ್ಲ. ಮೊದಲು ಏನು ನೋಡುತ್ತೀರಿ?’ ಎಂದು ಕೇಳಿದರು. ಡಿವೈಸ್ ಟ್ರೀಯಲ್ಲಿ ಆ ಸಾಧನದ ‘ಸ್ಟೇಟಸ್’ ‘ಓಕೆ’ ಎಂದಿದೆಯೇ, ‘ಕಂಪಾಟಿಬಲ್’ ಎಂಬಲ್ಲಿರುವ ಹೆಸರು ಡ್ರೈವರ್‌ನ ಒಳಗಿನ ಪಟ್ಟಿಯಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದುತ್ತದೆಯೇ, ಅದೇ ಪಿನ್ನನ್ನು ಬೇರೆ ಯಾರಾದರೂ ಹಿಡಿದಿದ್ದಾರೆಯೇ ಎಂದು ನೋಡುತ್ತೇನೆ, ಡಿಮೆಸೇಜ್ ಓದುತ್ತೇನೆ ಎಂದೆ. ಮುಂದಿನ ಅರ್ಧ ಗಂಟೆ ಮಾತೆಲ್ಲ ಹುಳು ಮನೆಯದೇ. ನನ್ನ ಅಂಕಪಟ್ಟಿ ಸಾಧಾರಣ, ಇಂಗ್ಲಿಷ್ ತಡವರಿಸುತ್ತದೆ. ಆದರೂ ಟ್ರೈನಿಯಾಗಿ ತೆಗೆದುಕೊಂಡರು.

ಕಲಿಯಬೇಕೆನ್ನುವವರು ಹೀಗೆ ಶುರು ಮಾಡಬಹುದು. ಬೋರ್ಡ್ ಕೊಳ್ಳಲಾಗದಿದ್ದರೆ ಕಾಲೇಜಿನ ಲ್ಯಾಬ್‌ನಲ್ಲಿ ಕೇಳಿ. ಮೊದಲು ಸಿದ್ಧ ಓವರ್‌ಲೇ ಒಂದನ್ನು ಬಳಸಿ. ಡಿಟಿಓವರ್‌ಲೇ ಆದೇಶಕ್ಕೆ ‘-ಎಚ್’ ಮತ್ತು ಓವರ್‌ಲೇ ಹೆಸರು ಸೇರಿಸಿದರೆ ಅದರ ವಿವರಣೆ ಪರದೆಯ ಮೇಲೇ ಸಿಗುತ್ತದೆ. ನಂತರ ಒಂದು ಎಲ್‌ಇಡಿಗೆ ನಿಮ್ಮದೇ ಓವರ್‌ಲೇ ಬರೆದು ಡಿಟಿಸಿ ಕಂಪೈಲರ್‌ಗೆ ಕೊಡಿ. ಹಳೆಯ ಪಾಠಗಳಲ್ಲಿ ಕಾನ್ಫಿಗ್ ಕಡತ ‘ಬೂಟ್’ ಫೋಲ್ಡರ್‌ನಲ್ಲಿದೆ ಎಂದಿರುತ್ತದೆ. 2023ರ ಬುಕ್‌ವರ್ಮ್ ಆವೃತ್ತಿಯಿಂದ ಅದು ‘ಬೂಟ್’ನೊಳಗಿನ ‘ಫರ್ಮ್‌ವೇರ್’ ಫೋಲ್ಡರ್‌ಗೆ ಹೋಗಿದೆ. ಬೀಗಲ್‌ಬೋನ್ ಬ್ಲ್ಯಾಕ್‌ನಂಥ ಬೇರೆ ಬೋರ್ಡ್ ಸಿಕ್ಕರೆ ಕಡತದ ಹೆಸರು ಬದಲಾಗುತ್ತದೆ, ತತ್ವ ಬದಲಾಗುವುದಿಲ್ಲ.

ಸಿದ್ಧ ಕೋಡ್ ಅಂಟಿಸಿ ಎಲ್‌ಇಡಿ ಮಿನುಗಿಸುವವರು ಸಾವಿರಾರು ಮಂದಿ ಇದ್ದಾರೆ. ಮಿನುಗದೇ ಹೋದಾಗ ಏಕೆಂದು ಹೇಳಬಲ್ಲವರು ಕಡಿಮೆ. ಆ ಕಡಿಮೆ ಮಂದಿಯ ಸಾಲಿಗೆ ಸೇರಲು ದೊಡ್ಡ ಕಾಲೇಜಿನ ಹೆಸರು ಬೇಕಿಲ್ಲ, ಕೆಲವು ವಾರಗಳ ಸಂಜೆಗಳು ಸಾಕು.