ಮತ್ತೆ ಮತ್ತೆ ಅದೇ ಮಾತು

ಒಂದೇ ವಸ್ತುವನ್ನು ಮತ್ತೆ ಮತ್ತೆ ಅನುಭೋಗಿಸಿದಂತೆ ಅದರಿಂದ ದೊರೆಯುವ ತೃಪ್ತಿ ಕುಗ್ಗುತ್ತ ಹೋಗುತ್ತದೆ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠಗಳಲ್ಲೊಂದು. ಕಾವ್ಯದಲ್ಲಿ ಈ ನಿಯಮ ನಡೆಯುವುದಿಲ್ಲ. ಅಮೆರಿಕದ ಕವಿ ಎಡ್ಗರ್ ಅಲನ್ ಪೋ ಬರೆದ ‘ಅಲೋನ್’ ಎಂಬ 22 ಸಾಲುಗಳ ಕವಿತೆ ಇದಕ್ಕೆ ನಿದರ್ಶನ.

1829ರಲ್ಲಿ, ಇಪ್ಪತ್ತರ ಹರೆಯದಲ್ಲಿ, ತನ್ನ ಎಳವೆಯನ್ನು ನೆನೆದು ಪೋ ಇದನ್ನು ಪರಿಚಿತರೊಬ್ಬರ ಆಲ್ಬಮ್‌ನಲ್ಲಿ ಬರೆದ. ಮೂರು ತುಂಬುವ ಮೊದಲೇ ಹೆತ್ತ ತಾಯಿಯನ್ನು ಕಳೆದುಕೊಂಡಿದ್ದ ಅವನ ಸಾಕುತಾಯಿಯೂ ಅದೇ ವರ್ಷ ತೀರಿಕೊಂಡಳು. ಕವಿತೆ ಅಚ್ಚಾದದ್ದು 1875ರಲ್ಲಿ, ಅವನ ಮರಣದ 26 ವರ್ಷಗಳ ಬಳಿಕ. ಶೀರ್ಷಿಕೆಯೂ ಅವನದಲ್ಲ.

ಮೊದಲರ್ಧದಲ್ಲಿ ‘ಇಲ್ಲ’ ಎಂಬರ್ಥದ ಪದಗಳು ಸಾಲುಗಟ್ಟಿವೆ. ಇತರರ ಹಾಗೆ ನೋಡುವುದು, ದುಃಖಿಸುವುದು, ಸಂತೋಷಪಡುವುದು, ಒಂದೊಂದನ್ನೂ ಹೆಸರಿಸಿ ತನ್ನಿಂದಾಗಲಿಲ್ಲ ಎನ್ನುತ್ತಾನೆ. ಒಮ್ಮೆ ಮಾತ್ರ ಹೇಳಿದ್ದರೆ ಅದು ಜಂಬವೆನಿಸಬಹುದಿತ್ತು. ಮರುಕಳಿಸಿದಾಗ, ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದ ಹುಡುಗನೊಬ್ಬ ಕಾಣಿಸುತ್ತಾನೆ.

ಅನಂತರ ಪುನರುಕ್ತಿಯ ಸ್ವರೂಪ ಬದಲಾಗುತ್ತದೆ. ನಮ್ಮ ‘ಇಂದ’ ಪ್ರತ್ಯಯಕ್ಕೆ ಸಮನಾದ ಇಂಗ್ಲಿಷ್ ಪದವೊಂದು ಆರು ಸಾಲುಗಳ ಆರಂಭದಲ್ಲಿ ನಿಲ್ಲುತ್ತದೆ. ತನ್ನೊಳಗಿನ ನಿಗೂಢ ಎಲ್ಲೆಲ್ಲಿಂದ ಬಂದಿತೆಂಬ ಪಟ್ಟಿಯಲ್ಲಿ ತೊರೆ, ಬೆಟ್ಟ, ಸೂರ್ಯ, ಮಿಂಚು, ಗುಡುಗು ಎಲ್ಲವೂ ಸೇರುತ್ತವೆ. ಒಬ್ಬ ಮನುಷ್ಯನೂ ಸೇರುವುದಿಲ್ಲ. ಪಟ್ಟಿ ಬೆಳೆದಷ್ಟೂ ಆ ಕೊರತೆ ಎದ್ದು ಕಾಣುತ್ತದೆ. ಕನ್ನಡಕ್ಕೆ ತಂದರೆ ‘ಇಂದ’ ಪದದ ಕೊನೆಗೆ ಸರಿಯುತ್ತದೆ; ಪ್ರತಿ ಸಾಲಿನಲ್ಲೂ ಹೊಸದಾಗಿ ತೊಡಗುವ ಆ ದನಿಯನ್ನು ಉಳಿಸಿಕೊಳ್ಳುವುದು ಕಷ್ಟ. ಕೊನೆಗೆ, ಉಳಿದ ಆಕಾಶವೆಲ್ಲ ನೀಲಿಯಾಗಿರುವಾಗ ಒಂದು ಮೋಡ ಅವನ ಕಣ್ಣಿಗೆ ದೆವ್ವವಾಗಿ ತೋರುತ್ತದೆ. ಸಮಾಧಾನದ ಮಾತೊಂದೂ ಇಲ್ಲದೆ ಕವಿತೆ ಅಲ್ಲಿಗೇ ನಿಲ್ಲುತ್ತದೆ.

ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ‘ನಿಮಗೆ ಅರ್ಥವಾಗುವುದಿಲ್ಲ’ ಎಂಬ ಮಾತು ಹೊಸದಲ್ಲ. ಹತ್ತನೆಯ ಬಾರಿ ಅದು ಕೇಳಿಬರುವ ವೇಳೆಗೆ ಹಿರಿಯರು ಅದಕ್ಕೆ ಹಠವೆಂದು ಹೆಸರಿಟ್ಟು ಕಿವಿಗೊಡುವುದನ್ನು ಬಿಟ್ಟಿರುತ್ತಾರೆ. ಅರ್ಥಶಾಸ್ತ್ರದ ನಿಯಮ ಇಲ್ಲಿ ಅವರ ಅನುಕೂಲಕ್ಕೆ ಒದಗುತ್ತದೆ. ಸರ್ಕಾರಿ ಸೇವೆ ನನಗೆ ಬೇರೊಂದು ನಿಯಮ ಕಲಿಸಿತು: ಅದೇ ಅರ್ಜಿ ಮೇಜಿನ ಮೇಲೆ ಮತ್ತೆ ಮತ್ತೆ ಬಂದರೆ, ಅದಕ್ಕೆ ಇನ್ನೂ ಉತ್ತರ ಹೋಗಿಲ್ಲವೆಂದು ತಿಳಿಯಬೇಕು.